ಕೋಯಾಕರ ಅಂಗಡಿಗೆ ಬಂದ ಒಂಬತ್ತು ಮೋರೆ

ಸೌದಿಯ ಥುಕ್ಬಾದ ಒಂದು ಅಡ್ಡರಸ್ತೆಯಲ್ಲಿ, ಲಾಂಡ್ರಿಗೂ ಪೈಂಟಿನ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಿರುವ ಫ್ರೇಮಿನ ಅಂಗಡಿ ಕೋಯಾಕರದ್ದು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಅವರ ಉದ್ಯೋಗ 'ನಜ್ಜಾರ್', ಅಂದರೆ ಬಡಗಿ. ಆದರೆ ಬಡಗಿ ಎಂದು ಯಾರಾದರೂ ಕರೆದರೆ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬಾಗಿಲು ಕಿಟಕಿ ಮಾಡುವವ ಬಡಗಿ ಮಾರಾಯ. ನಾನು ಗೋಡೆಯ ಮೇಲೆ ಇರುವುದಕ್ಕೆ ಮರ್ಯಾದೆ ಕೊಡುವವ," ಎನ್ನುವರು. ಇಪ್ಪತ್ತೇಳು ವರ್ಷಗಳಲ್ಲಿ ಅವರು ಚೌಕಟ್ಟು ಹಾಕದ ವಸ್ತುವಿಲ್ಲ. ಕುರಾನಿನ ಸಾಲುಗಳು, ಇಂಡಿಯನ್ ಸ್ಕೂಲಿನ ಮಕ್ಕಳ ಸರ್ಟಿಫಿಕೇಟುಗಳು, ಕಂಪನಿ ಬಿಟ್ಟು ಊರಿಗೆ ಹೋಗುವವರ ಬೀಳ್ಕೊಡುಗೆ ಫಲಕಗಳು, ಗಿಡುಗದ ಫೋಟೊಗಳು. ಒಮ್ಮೆಯಂತೂ ಸತ್ತುಹೋದ ಒಂಟೆಯೊಂದರ ಮೂಗುದಾರಕ್ಕೂ ಗಾಜು ಹಾಕಿ ಕೊಟ್ಟಿದ್ದರು. ಅದರ ಒಡೆಯ ಅಂಗಡಿಯಲ್ಲೇ ಕಣ್ಣೊರೆಸಿಕೊಂಡನಂತೆ.

ಇಂಥ ಕೋಯಾಕರಿಗೆ ಮೂರು ವರ್ಷಗಳಿಂದ ಒಂದು ಗುಟ್ಟಿತ್ತು. ಬಲಗಣ್ಣು ಮಂಜಾಗಿ ಮಂಜಾಗಿ ಈಗ ಹೆಚ್ಚುಕಡಿಮೆ ಮುಚ್ಚಿದ ಕಿಟಕಿಯಾಗಿತ್ತು. ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಅವರ ಬಾಪನಿಗೂ ಹೀಗೇ ಆಗಿತ್ತು. ಮಂಗಳೂರಿನ ಬೆಂಗ್ರೆಯಲ್ಲಿ ಬಲೆ ಹೆಣೆಯುತ್ತಿದ್ದ ಬಾಪ ಐವತ್ತೈದಕ್ಕೆ ಪೂರ್ತಿ ಕುರುಡರಾಗಿ, ಆಮೇಲೆ ಹನ್ನೊಂದು ವರ್ಷ ಬೆರಳಿನಲ್ಲೇ ಗಂಟು ಹುಡುಕುತ್ತ ಕೂತಿದ್ದರು. ಕೋಯಾಕರಿಗೆ ಈಗ ಐವತ್ತೆಂಟು. ಡಾಕ್ಟರ ಬಳಿ ಹೋದರೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅಷ್ಟೆ ತಾನೆ? ವೀಸಾ ಕೊಟ್ಟು ಅಂಗಡಿಗಿಟ್ಟ ಕಫೀಲ್ ಇಮಾದ್ ಒಳ್ಳೆಯವನೇ. ಆದರೆ ಕಣ್ಣಿಲ್ಲದವನ ಕೈಗೆ ಗಾಜು ಕೊಯ್ಯುವ ವಜ್ರವನ್ನು ಯಾವ ಒಳ್ಳೆಯವನೂ ಕೊಡಲಾರ. ಅಂಗಡಿ ಹೋಯಿತು ಎಂದರೆ ಈ ಊರೂ ಹೋಯಿತು. ಹಾಗಾಗಿ ಯಾರಿಗೂ ಹೇಳಲಿಲ್ಲ. ಕೈ ಅಭ್ಯಾಸದ ಮೇಲೆ ನಡೆಯುತ್ತಿತ್ತು. ಅಳತೆಗೆ ಹಳೆಯ ಸ್ಟೀಲಿನ ಪಟ್ಟಿ ಇತ್ತು. ಹೊಸ ಪಟ್ಟಿಗಳ ಗೆರೆಗಳು ಅವರ ಕಣ್ಣಿಗೆ ಕರಗಿಹೋಗುತ್ತಿದ್ದರೂ ಇದರ ಗೆರೆಗಳು ಮಾತ್ರ ಇನ್ನೂ ಕರ್ರಗೆ ದಪ್ಪಗೆ ಕಾಣುತ್ತಿದ್ದವು. "ಅಂದಿನ ಮಾಲು ಅಂದರೆ ಮಾಲು," ಎಂದು ಆಗಾಗ ಅದನ್ನು ಹೊಗಳುವರು.

ಹೆಂಡತಿ ಸಫಿಯಾಳಿಗಂತೂ ಸುಳಿವೇ ಸಿಗಬಾರದು ಎಂದು ಬಹಳ ಎಚ್ಚರ. ಅವಳೋ ದಿನಾ ಒಂದು ಗಂಟೆಗೆ ಊಟದ ಬುತ್ತಿ ಹಿಡಿದು ಅಂಗಡಿಗೆ ಬರುವವಳು. ಶುಕ್ರವಾರ ಬೆಳಿಗ್ಗೆ ಅಂಗಡಿ ಗುಡಿಸಿ ಒರೆಸುವವಳೂ ಅವಳೇ. ಬೆಂಗ್ರೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾಳೆ. ಸಾಮಾನಿನ ಚೀಟಿಯಲ್ಲಿ ಇವತ್ತಿಗೂ ಅಂಕಿಗಳನ್ನು ಕನ್ನಡದಲ್ಲೇ ಬರೆದು, ಬಾಂಗ್ಲಾದೇಶದ ದಿನಸಿಯವನ ತಲೆ ಕೆಡಿಸುತ್ತಾಳೆ. ಕೋಯಾಕ ಅದಕ್ಕೆ ಎಷ್ಟು ಗೇಲಿ ಮಾಡಿದರೂ ಅವಳು ಬದಲಾದದ್ದಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ಅಂಗಡಿಯ ಮುಂದೆ ಕಾರು ನಿಂತಿತು. ಹನೀನ್ ಎಂಬ ಸೌದಿ ಹೆಂಗಸು, ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು, ಕಂಬಳಿಯಲ್ಲಿ ಸುತ್ತಿದ ದೊಡ್ಡ ಚಿತ್ರವೊಂದನ್ನು ಒಳಗೆ ತಂದಳು. ಅವಳ ತಂದೆ ಬಹಳ ವರ್ಷಗಳ ಹಿಂದೆ ಯುರೋಪಿನಿಂದ ತಂದ ತೈಲಚಿತ್ರ. ಹಳೆಯ ಚೌಕಟ್ಟು ಸಮುದ್ರದ ಗಾಳಿಗೆ ಉಬ್ಬಿ ಬಿರಿದಿತ್ತು. ರಸ್ತೆಯಲ್ಲಿ ಹಿಂದಿನ ಕಾರುಗಳು ಹಾರ್ನ್ ಬಜಾಯಿಸುತ್ತಿದ್ದವು. ಹನೀನ್ ಗಡಿಬಿಡಿಯಲ್ಲಿ ಹೇಳುತ್ತಲೇ ಹೋದಳು. ಇದು ಬರೋಕ್ ಎಂಬ ಹಳೆಯ ಕಾಲದ ಶೈಲಿ. ತಾಯಿಗೆ ಈಗ ನೆನಪು ನಿಲ್ಲುವುದಿಲ್ಲ. ಆದರೆ ದಿನಾ ಕಹ್ವಾ ಕಾಫಿ ಕುಡಿಯುವಾಗ ಈ ಚಿತ್ರದ ಮುಂದೆ ಕೂರಲೇಬೇಕು. ಇದರಲ್ಲಿ "ತಿಸ್ಆ ವುಜೂಹ್" ಇವೆ, ಒಂಬತ್ತೂ ಸರಿಯಾಗಿ ಬರಬೇಕು, ಒಂದೂ ಕಡಿಮೆಯಾಗಬಾರದು, ಕಡಿಮೆಯಾದರೆ ಅಮ್ಮ ಸಹಿಸುವುದಿಲ್ಲ. ಹತ್ತು ದಿನದಲ್ಲಿ ಬೇಕು. ಯಲ್ಲಾ, ಬರುತ್ತೇನೆ.

ಕೋಯಾಕ ಗಂಭೀರವಾಗಿ ತಲೆಯಾಡಿಸಿದರು. ಅರಬ್ಬಿ ಭಾಷೆಯನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ, ಪೈಂಟಿನ ಡಬ್ಬದಿಂದ. ಇಲ್ಲಿ ಬಣ್ಣ ಬಳಿಯುವ ಯಾರನ್ನೇ ಕೇಳಿ, ಒಂದು ವಜ್ಹ್ ಎಂದರೆ ಒಂದು ಕೋಟು, ಎರಡು ಬಳಿದರೆ ಎರಡು ಕೋಟು. ವಜ್ಹ್ ಎಂದರೆ ಮುಖವೂ ಹೌದು, ಅದು ಕೋಯಾಕರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದರೆ ಅವರ ತಲೆಯಲ್ಲಿ ಆ ಶಬ್ದಕ್ಕೆ ಒಂದೇ ಅರ್ಥ. ತಿಸ್ಆ ವುಜೂಹ್, ಅಂದರೆ ಒಂಬತ್ತು ಕೋಟು!

ಪಕ್ಕದ ಪೈಂಟಿನ ಅಂಗಡಿಯ ನಿಸಾರ್ ಸುರತ್ಕಲ್ಲಿನವನು. ಅವನಿಗೆ ಹೇಳಿದಾಗ ಅವನು ಕೂತಲ್ಲಿಂದ ಎದ್ದುನಿಂತ.

"ಒಂಬತ್ತು ಕೋಟಾ? ಎಂತ ಕೋಯಾಕ, ಅದು ಫ್ರೇಮಾ, ಹಡಗಾ?"

"ಅವರ ತಾಯಿಗೆ ಒಂದು ಕಡಿಮೆಯಾದರೂ ಆಗುದಿಲ್ಲವಂತೆ."

"ಮೂರು ಬಳಿದು ಒಂಬತ್ತು ಅಂತ ಹೇಳಿ. ಎಣಿಸ್ಲಿಕ್ಕೆ ಬರ್ತಾರಾ?"

ಕೋಯಾಕ ಅವನನ್ನು ಬೈದು ಕಳಿಸಿದರು. ಮಾತು ಕೊಟ್ಟ ಮೇಲೆ ಕೊಟ್ಟಂತೆಯೇ. ಆದರೂ ಒಳಗೊಳಗೆ ತಬ್ಬಿಬ್ಬು. ನೆನಪಿಲ್ಲದ ಹೆಂಗಸಿಗೆ ಕೋಟಿನ ಲೆಕ್ಕ ಹೇಗೆ ತಿಳಿಯುತ್ತದೆ? ದೊಡ್ಡವರ ಮನೆಯ ಸಂಗತಿ, ನಮಗೆಂತ ಎಂದುಕೊಂಡರು. ತೇಗದ ಚೌಕಟ್ಟು ಕಡಿದು, ದಿನಕ್ಕೊಂದು ಕೋಟಿನಂತೆ ಸುಣ್ಣದ ಲೇಪ, ಕೆಂಪು, ಬಂಗಾರದ ಬಣ್ಣ ಎಂದು ಬಳಿಯುತ್ತ ಹೋದರು. ಚಿತ್ರವನ್ನು ಪಶ್ಚಿಮದ ಗೋಡೆಗೆ ಒರಗಿಸಿಟ್ಟರು. ಅವರ ಕಣ್ಣಿಗೆ ಅದು ಬರೀ ಹೂವು. ನಡುವೆ ಬೂದು ಬಣ್ಣದ ಕಲ್ಲಿನ ಫಲಕ, ಅದರ ಸುತ್ತ ಸುರುಳಿ ಸುರುಳಿ ಕೆತ್ತನೆ, ಕೆತ್ತನೆಯ ಮೇಲೆ ಗುಲಾಬಿಯೋ ದಾಸವಾಳವೋ ಎಂಥದೋ, ರಾಶಿ ರಾಶಿ ಹೂವು. ಮೊದಲ ದಿನ ಊಟ ತಂದ ಸಫಿಯಾ ಅದರ ಮುಂದೆ ಬಹಳ ಹೊತ್ತು ನಿಂತಳು.

"ಇದು ಎಂತ ಚಿತ್ರ?"

"ಬರಕತ್ತಿನದ್ದಂತೆ," ಎಂದರು ಕೋಯಾಕ. ಬರೋಕ್ ಎಂಬುದು ಅವರ ಕಿವಿಗೆ ಬಿದ್ದದ್ದು ಹಾಗೆ. "ಮನೆಯಲ್ಲಿಟ್ಟರೆ ಒಳ್ಳೇದಾಗ್ತದಂತೆ."

ಸಫಿಯಾ ಗಂಡನನ್ನೊಮ್ಮೆ ನೋಡಿದಳು, ಚಿತ್ರವನ್ನೊಮ್ಮೆ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು ಅದರ ಬದಲು ಬುತ್ತಿಯ ಮುಚ್ಚಳ ತೆರೆದಳು.

ನಾಲ್ಕನೆಯ ದಿನ, ನಾಲ್ಕನೆಯ ಕೋಟು ಒಣಗುತ್ತಿರುವಾಗ, ಲಕ್ಷ್ಮೀಪತಿ ಬಂದರು. ಮೈಸೂರಿನವರು, ರಿಫೈನರಿಯಲ್ಲಿ ಇಂಜಿನಿಯರು. ಹದಿನೈದು ವರ್ಷದ ಹಳೆಯ ಗಿರಾಕಿ. ಚಿತ್ರದ ಮುಂದೆ ಕನ್ನಡಕ ಸರಿಪಡಿಸಿಕೊಂಡು, "ಏನ್ರೀ ಕೋಯಾ, ಈ ಮುಖಗಳೆಲ್ಲ ನಮ್ಮನ್ನೇ ನೋಡ್ತಾ ಇವೆಯಲ್ರೀ!" ಎಂದರು.

ಕೋಯಾಕರ ಕೈಯ ಕುಂಚ ನಿಂತುಬಿಟ್ಟಿತು. "ಹೌದೌದು," ಎಂದರು, ಹೌದೋ ಅಲ್ಲವೋ ತಿಳಿಯದೆ. "ಎಷ್ಟುಂಟು ಹೇಳಿ ನೋಡುವ."

ಲಕ್ಷ್ಮೀಪತಿ ಮೂಗನ್ನು ಚಿತ್ರಕ್ಕೆ ತಾಗಿಸುವಷ್ಟು ಬಾಗಿದರು. "ಈ ಎಲೆ ಮಡಚಿರೋದು ಮೂಗು, ಅಲ್ವಾ? ಈ ಕಲ್ಲಿನ ಸುರುಳಿ ನೋಡಿ, ಬಾಯಿ ಬಿಟ್ಟ ರಾಕ್ಷಸ. ಇಲ್ಲಿ ರೆಕ್ಕೆ ಇರೋ ಮಗು. ಗುಲಾಬಿ ಒಳಗೊಂದು ಮುದುಕಿ. ಅಬ್ಬಬ್ಬಾ, ಎಂಥ ಕಳ್ಳ ಕೈ ರೀ ಇದು! ಹತ್ತು. ಹತ್ತು ಮುಖ ಇದಾವೆ."

ಅವರು ಹೋದ ಕೂಡಲೇ ಕೋಯಾಕ ಬಾಗಿಲು ಎಳೆದುಕೊಂಡು ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಟಾರ್ಚು ಬಿಟ್ಟು ನೋಡಿದರು. ಹೂವು, ಎಲೆ, ಕಲ್ಲು. ಒಂದು ಮೂಗಿಲ್ಲ, ಒಂದು ಬಾಯಿಲ್ಲ. ಲಕ್ಷ್ಮೀಪತಿ ತಮಾಷೆ ಮಾಡಿದರೋ, ಅಥವಾ ತನ್ನ ಕಣ್ಣು ಪೂರ್ತಿ ಕೈಕೊಟ್ಟಿತೋ? ಮತ್ತೊಂದು ಗಾಬರಿ ಆಮೇಲೆ ಹೊಳೆಯಿತು. ಚಿತ್ರ ಇಟ್ಟದ್ದು ನಮಾಝಿಗೆ ಮುಖ ಮಾಡಿ ನಿಲ್ಲುವ ಕಿಬ್ಲಾದ ಗೋಡೆಗೆ! ಮೂರು ದಿನದಿಂದ ಸಂಜೆಮುಂದಿನ ಅಸರ್ ನಮಾಝು ಮಾಡಿದ್ದು ಹತ್ತು ಮೋರೆಗಳ ಎದುರಿಗೆ! ಕಾಣದೆ ಮಾಡಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮೌಲವಿಯನ್ನು ಕೇಳೋಣವೆಂದರೆ, ನಿನಗೆ ಯಾಕೆ ಕಾಣಲಿಲ್ಲ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಚಿತ್ರವನ್ನು ಎತ್ತಿ ಎದುರು ಗೋಡೆಗೆ ಸಾಗಿಸಿದರು.

ನೋಡಿ, ಇಷ್ಟಾದರೂ ಅವರಿಗೆ ತಾಳೆ ಬೀಳಲಿಲ್ಲ. ಹನೀನ್ ಹೇಳಿದ್ದು ಒಂಬತ್ತು, ಅದೂ ಕೋಟು. ಲಕ್ಷ್ಮೀಪತಿ ಹೇಳಿದ್ದು ಹತ್ತು, ಅದೂ ಮುಖ. ಎರಡೂ ಬೇರೆ ಬೇರೆ ಖಾನೆಯಲ್ಲಿ ಬಿದ್ದಿದ್ದವು.

ತಾಳೆ ಬಿದ್ದದ್ದು ಒಂಬತ್ತನೆಯ ದಿನ ಮಧ್ಯಾಹ್ನ. ಒಂಬತ್ತನೆಯ ಕೋಟೂ ಆಗಿತ್ತು; ಚೌಕಟ್ಟು ಮದುಮಗಳ ಬಳೆಯ ಹಾಗೆ ಮಿನುಗುತ್ತಿತ್ತು. ಚಿತ್ರವನ್ನು ಒಳಗೆ ಕೂರಿಸಿ, ಹಿಂದಿನಿಂದ ಮೊಳೆ ಹೊಡೆದದ್ದೂ ಆಗಿತ್ತು. ಸಫಿಯಾ ಬುತ್ತಿ ಬಿಚ್ಚುತ್ತ ಹೇಳಿದಳು: "ಎಂತ, ಮೋರೆ ಹಾಗೆ ಮಾಡಿದ್ದೀರಿ?"

"ಮೋರೆಗೆ ಎಂತ ಆಗಿದೆ?"

"ನಿಮ್ಮ ಮೋರೆಯೆಲ್ಲ ಬಂಗಾರದ ಕೋಟು!"

ಮೋರೆ. ಕೋಟು. ಮೋರೆ. ವಜ್ಹ್. ಕೋಯಾಕರ ಬಾಯೊಳಗಿನ ಮೀನಿನ ತುಂಡು ಅಲ್ಲೇ ನಿಂತಿತು. ತಿಸ್ಆ ವುಜೂಹ್! ಒಂಬತ್ತು ಕೋಟಲ್ಲ ಮಾರಾಯ, ಒಂಬತ್ತು ಮೋರೆ! ಒಂದೂ ಕಡಿಮೆಯಾಗಬಾರದು ಎಂದದ್ದು ಮೋರೆಗಳನ್ನು! ಯಾ ಅಲ್ಲಾಹ್, ಎಂಥ ಹೆಡ್ಡ ನಾನು!

ನಗು ಬರಬೇಕಿತ್ತು, ಬರಲಿಲ್ಲ. ಫ್ರೇಮಿನವರಿಗಷ್ಟೇ ಗೊತ್ತಿರುವ ಸಂಗತಿಯೊಂದಿದೆ. ಚೌಕಟ್ಟಿನ ಒಳಗಿನ ತುಟಿ ಚಿತ್ರದ ನಾಲ್ಕೂ ಅಂಚಿನಿಂದ ಅರ್ಧ ಬೆರಳಷ್ಟನ್ನು ತಿನ್ನುತ್ತದೆ. ತಿನ್ನದಿದ್ದರೆ ಚಿತ್ರ ನಿಲ್ಲುವುದೇ ಇಲ್ಲ. ಒಂಬತ್ತು ಕೋಟು ಬಳಿದ ತುಟಿ ಇನ್ನಷ್ಟು ತಿನ್ನುತ್ತದೆ. ಅಂಚಿನಲ್ಲಿ ಮೋರೆಯಿದ್ದರೆ? ಇದೆಯೋ ಇಲ್ಲವೋ ನೋಡಲು ಕಣ್ಣು ಬೇಕು. ನಾಳೆ ಅಸರ್ ಕಳೆದು ಹನೀನ್ ಬರುತ್ತಾಳೆ. ಹೆಂಡತಿಯನ್ನು ಕೇಳೋಣವೇ? ಬೇಡಪ್ಪಾ ಬೇಡ, ಅವಳಿಗೆ ಮಾತ್ರ ಬೇಡ. ಅವಳು ಅಳಲು ಶುರು ಮಾಡಿದರೆ ತಾನೂ ಅತ್ತುಬಿಡುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು.

ಅಂದು ಸಂಜೆ ಕೋಯಾಕ ಅಂಗಡಿಗೆ ಬಂದವರ ಕಣ್ಣು ಪರೀಕ್ಷೆ ಮಾಡುವ ಡಾಕ್ಟರಾದರು. "ನಿನ್ನ ಕಣ್ಣು ಹೇಗುಂಟು ನೋಡುವ, ಎಷ್ಟು ಮೋರೆ ಕಾಣ್ತದೆ ಹೇಳು," ಎಂದು ಸುಳ್ಳು ನಗೆ ನಗುತ್ತ ಕೇಳಿದರು. ನಿಸಾರ್ ಎಣಿಸಿ, "ಆರು. ಒಂದು ಮಂಗ," ಎಂದ. ಚಹಾ ತಂದ ಯೆಮೆನಿ ಯಹ್ಯಾ ಒಂದೇ ನೋಟಕ್ಕೆ "ಅಸ್ತಗ್‌ಫಿರುಲ್ಲಾ" ಎಂದು ಮುಖ ತಿರುಗಿಸಿ ಲೋಟ ಇಟ್ಟು ಓಡಿದ. ಅವನಿಗೆ ಎಷ್ಟು ಕಂಡವೋ ದೇವರೇ ಬಲ್ಲ. ಲಾಂಡ್ರಿಯವನಿಗೆ ಹನ್ನೆರಡು ಕಂಡವು. ಅದರಲ್ಲಿ ಎರಡು ಮೀನು. ಹತ್ತು, ಆರು, ಹನ್ನೆರಡು! ಕಣ್ಣಿದ್ದವರ ಕಥೆಯೇ ಹೀಗಾದರೆ ಕಣ್ಣಿಲ್ಲದವನು ಯಾರನ್ನು ನಂಬಬೇಕು?

ಮರುದಿನ ಹನೀನ್ ಒಬ್ಬಳೇ ಬರಲಿಲ್ಲ. ತಾಯಿಯ ತೋಳು ಹಿಡಿದು ನಿಧಾನವಾಗಿ ಒಳಗೆ ಕರೆತಂದಳು. ಹತ್ತು ದಿನದಿಂದ ಅಮ್ಮ ಖಾಲಿ ಗೋಡೆಯ ಮುಂದೆ ಕೂತು ಕಹ್ವಾ ಮುಟ್ಟುತ್ತಿಲ್ಲ, ಮನೆಯಲ್ಲಿ ಇರಲಾರೆ ಎಂದು ಹಟ ಹಿಡಿದಳು ಎಂದಳು. ಚಹಾ ಫ್ಲಾಸ್ಕು ತಂದಿದ್ದ ಸಫಿಯಾ ಮುದುಕಿಗೆ ಕುರ್ಚಿ ಎಳೆದುಕೊಟ್ಟಳು. ಕೋಯಾಕ ಚಿತ್ರದ ಮೇಲಿನ ಬಟ್ಟೆ ಸರಿಸಿದರು.

ಮುದುಕಿಯ ಮುಖ ಅರಳಿತು. ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಎಣಿಸತೊಡಗಿದಳು. ವಾಹಿದ್. ಇಸ್ನೇನ್. ಸಲಾಸಾ. ಎಷ್ಟೋ ಕಾಲದ ಪರಿಚಯಸ್ಥರನ್ನು ಮಾತಾಡಿಸುವ ದನಿ. ಏಳು. ಎಂಟು. ಬೆರಳು ಕೆಳಗಿಳಿದು ಬಲಮೂಲೆಗೆ ಬಂದು ನಿಂತಿತು. ಅಲ್ಲಿ ಬಂಗಾರದ ಚೌಕಟ್ಟು. ಮತ್ತೆ ಮೊದಲಿನಿಂದ ಎಣಿಸಿದಳು. ಮತ್ತೆ ಎಂಟು. ಮೂರನೆಯ ಸಲ ಎಣಿಸಿದರೂ ಎಂಟೇ. "ಚಿಕ್ಕವನು ಎಲ್ಲಿ?" ಎಂದು ಮಗಳನ್ನು ಕೇಳಿದಳು. "ಚಿಕ್ಕವನನ್ನು ಎಲ್ಲಿ ಬಿಟ್ಟು ಬಂದೆ?" ಕಣ್ಣಲ್ಲಿ ನೀರು ಬಂತು.

ಹನೀನ್ ಕೋಯಾಕರತ್ತ ತಿರುಗಿದಳು. "ನಾನು ಒಂಬತ್ತು ಎಂದು ಹೇಳಿದ್ದೆನಲ್ಲ?"

ಏನಾದರೊಂದು ಸುಳ್ಳು ಹೇಳಬಹುದಿತ್ತು. ಹಳೆಯ ಬಣ್ಣ ಉದುರಿತು ಎನ್ನಬಹುದಿತ್ತು. ಆದರೆ ಮುದುಕಿಯ ಬೆರಳು ಇನ್ನೂ ಮೂಲೆಯತ್ತಲೇ ಇತ್ತು. ಅದನ್ನು ನೋಡುತ್ತ ಕೋಯಾಕರ ಬಾಯಿಂದ ಮೂರು ವರ್ಷದ ಗುಟ್ಟು ಅರಬ್ಬಿಯಲ್ಲಿ, ವ್ಯಾಕರಣ ಗೀಕರಣ ಇಲ್ಲದೆ, ಹೊರಬಿತ್ತು. "ತಪ್ಪು ನನ್ನದು. ನಾನು ಒಂಬತ್ತು ಕೋಟು ಎಂದುಕೊಂಡೆ. ಒಂಬತ್ತು ಕೋಟು ಬಳಿದೆ. ಮುಖ ನನಗೆ ಒಂದೂ ಕಾಣುವುದಿಲ್ಲ. ನನ್ನ ಕಣ್ಣು ಹೋಗಿದೆ."

ಹನೀನ್ ಚೌಕಟ್ಟನ್ನು ನೋಡಿದಳು. "ಒಂಬತ್ತು ಕೋಟು?" ಎಂದಳು. ನಗು ಉಕ್ಕಿ ಬಂದು, ತಡೆಯಲು ಹೋಗಿ, ಅಬಾಯಾದ ತೋಳಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೋಯಾಕ ಮಾತ್ರ ಹೆಂಡತಿಯತ್ತ ತಿರುಗುವ ಧೈರ್ಯವಿಲ್ಲದೆ ನೆಲ ನೋಡುತ್ತ ನಿಂತಿದ್ದರು.

"ಕೆಳಗೆ, ಬಲಮೂಲೆಯಲ್ಲಿ," ಎಂದಳು ಸಫಿಯಾ ಹಿಂದಿನಿಂದ. "ಎಲೆಯ ಅಡಿಯಲ್ಲಿ ಒಂದು ಮಗು ಇಣುಕ್ತಾ ಇತ್ತು. ಈಗ ಫ್ರೇಮಿನ ಒಳಗೆ ಹೋಗಿದೆ."

ಕೋಯಾಕ ತಿರುಗಿದರು. "ನಿನಗೆ ಹೇಗೆ ಗೊತ್ತು?"

"ಮೊದಲ ದಿನವೇ ಎಣಿಸಿದ್ದೆ. ಒಂಬತ್ತು. ನಿನ್ನೆ ನೋಡಿದರೆ ಎಂಟು."

"ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಹೇಗೆ ಹೇಳುದು?" ಸಫಿಯಾಳ ದನಿ ಗಟ್ಟಿಯಾಯಿತು, ಆಮೇಲೆ ಒಡೆಯಿತು. "ಹೇಳಿದರೆ, ನಿಮಗೆ ಕಾಣುದಿಲ್ಲ ಅಂತ ನನಗೆ ಗೊತ್ತುಂಟು ಅಂತ ನಿಮಗೆ ಗೊತ್ತಾಗ್ತದಲ್ಲ!"

ಕೋಯಾಕರಿಗೆ ಆ ವಾಕ್ಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಗುರಾಯಿತು. ಮುದುಕಿ ಅಳುತ್ತಿದ್ದಳು. ಈಗ ಮಾತಿಗೆ ಸಮಯವಿರಲಿಲ್ಲ.

ಮೊಳೆ ಕಿತ್ತು ಚಿತ್ರ ಹೊರತೆಗೆದರು. ಚಿತ್ರವನ್ನೇ ಸ್ವಲ್ಪ ಮೇಲಕ್ಕೆ ದೂಡಿದರಾಯಿತು ಎಂದು ಅವರು ಹೊರಟರೆ ಸಫಿಯಾ ತಡೆದಳು. "ಮೇಲೆ ದೂಡ್ಬೇಡಿ, ಅಲ್ಲೊಬ್ಬ ಗಡ್ಡದವ ಇದ್ದಾನೆ." ಹಾಗಾದರೆ ಚೌಕಟ್ಟಿನ ತುಟಿಯನ್ನೇ ಕೆತ್ತಬೇಕು. ಕೋಯಾಕ ಉಳಿ ಹಿಡಿದರು. ಕಣ್ಣು ಸಫಿಯಾಳದ್ದು, ಕೈ ಇವರದ್ದು. ಬೆರಳಿನಿಂದ ಮರ ತಡವಿ, ಒಂದು ಸಿಬಿರು ತೆಗೆದು, ಚಿತ್ರ ಇಟ್ಟು ನೋಡುವುದು. ಮತ್ತೆ ತೆಗೆದು ಇನ್ನೊಂದು ಸಿಬಿರು. ಆ ಮೂಲೆಯ ಒಂಬತ್ತು ದಿನದ ಒಂಬತ್ತು ಕೋಟೂ ಹುಡಿಯಾಗಿ ನೆಲಕ್ಕೆ ಬಿತ್ತು.

"ಇನ್ನು ಸ್ವಲ್ಪ," ಎಂದಳು ಸಫಿಯಾ. "ಹಣೆ ಬಂತು. ಇನ್ನು ಒಂಚೂರು. ನಿಲ್ಲಿ, ನಿಲ್ಲಿ. ಕಣ್ಣು ಬಂತು."

ಮುದುಕಿ ಎದ್ದು ಹತ್ತಿರ ಬಂದಳು. ಈ ಸಲ ಮೊದಲಿನಿಂದ ಎಣಿಸುವ ಗೋಜಿಗೇ ಹೋಗಲಿಲ್ಲ. ನೇರವಾಗಿ ಮೂಲೆಗೆ ಬೆರಳಿಟ್ಟು "ತಿಸ್ಆ" ಎಂದಳು, ಅಂಗಡಿಯಲ್ಲಿದ್ದ ಎಲ್ಲರಿಗೂ ಸಲಾಂ ಹೇಳಿದಳು, ಮತ್ತೆ ಚಿತ್ರಕ್ಕೂ ಸಲಾಂ ಹೇಳಿದಳು.

ಅವರ ಕಾರು ಹೋದ ಮೇಲೆ ಸಫಿಯಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. "ಬರುವ ಮಂಗಳವಾರ ಹತ್ತೂವರೆಗೆ ಕಣ್ಣಿನ ಡಾಕ್ಟರು," ಎಂದಳು. "ಫೋನಿನಲ್ಲಿ ದಿನ ತೆಗೆದು ಎರಡು ತಿಂಗಳಾಯಿತು. ನಿಮಗೆ ಹೇಳ್ಲಿಕ್ಕೆ ಧೈರ್ಯ ಸಾಲದೆ ಮೂರು ಸಲ ಮುಂದೆ ಹಾಕಿದೆ." ಕೋಯಾಕ ಆಯಿತು ಎಂದರು.

ಬಾಪನಿಗೆ ಬಂದದ್ದು ಏನಾಗಿತ್ತೋ, ಯಾರೂ ನೋಡಿಸಿರಲಿಲ್ಲ. ಕೋಯಾಕರದ್ದು ಬರೀ ಪೊರೆ. ಅರ್ಧ ಗಂಟೆಯ ಆಪರೇಷನ್ನು. ಇಮಾದ್ ಸ್ವತಃ ಬಂದು, ಇಷ್ಟಕ್ಕೆ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆಯಾ ಎಂದು ಬೈದು, ಒಂದು ಪೆಟ್ಟಿಗೆ ಖರ್ಜೂರ ಇಟ್ಟು ಹೋದ. ಕಣ್ಣಿನ ಪಟ್ಟಿ ಬಿಚ್ಚಿದ ವಾರ ಕೋಯಾಕ ಮಾಡಿದ ಮೊದಲ ಕೆಲಸ, ಹನೀನ್ ಕಳಿಸಿದ್ದ ಚಿತ್ರದ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ಎಣಿಸಿದ್ದು. ಏಳು. ಮತ್ತೆ ಎಣಿಸಿದರೂ ಏಳು. ಹೊಸ ಕಣ್ಣಿಗೂ ಏಳೇ! ಲಕ್ಷ್ಮೀಪತಿ ಇವತ್ತಿಗೂ ಹತ್ತು ಎಂದೇ ಜಗಳಕ್ಕೆ ನಿಲ್ಲುತ್ತಾರೆ. ಆ ಚಿತ್ರದಲ್ಲಿ ನಿಜಕ್ಕೂ ಎಷ್ಟಿವೆಯೋ ಕೋಯಾಕರಿಗೆ ಈಗಲೂ ಗೊಂದಲವೇ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆದು, ಯಾರದೋ ಸರ್ಟಿಫಿಕೇಟಿಗೆ ಅಳತೆ ತೆಗೆಯಲು ಹಳೆಯ ಸ್ಟೀಲಿನ ಪಟ್ಟಿಯನ್ನು ಕೈಗೆತ್ತಿಕೊಂಡರು. ಬಾಗಿಲ ಬೆಳಕಿಗೆ ಹಿಡಿದರು. ಇಪ್ಪತ್ತೇಳು ವರ್ಷದ ಪಟ್ಟಿ. ಕಾರ್ಖಾನೆಯ ಗೆರೆಗಳು ಎಂದೋ ಉಜ್ಜಿ ಮಾಸಿಹೋಗಿದ್ದವು. ಮಾಸಿದ ಪ್ರತಿಯೊಂದು ಗೆರೆಯ ಮೇಲೂ ಕಪ್ಪು ಮಾರ್ಕರಿನಲ್ಲಿ ಯಾರೋ ಕೈಯಿಂದ ಗೆರೆ ಎಳೆದಿದ್ದರು. ಕೆಲವು ನೆಟ್ಟಗೆ, ಕೆಲವು ಚೂರು ಓರೆ. ಹಳೆಯ ಶಾಯಿಯ ಮೇಲೆ ಹೊಸ ಶಾಯಿ, ಅದರ ಮೇಲೆ ಇನ್ನೂ ಹೊಸದು. ಎಷ್ಟು ಶುಕ್ರವಾರಗಳೋ! ಅಂಕಿಗಳನ್ನೂ ತಿದ್ದಿದ್ದರು. ಒಂದು, ಎರಡು, ಮೂರು, ಎಲ್ಲ ಇಂಗ್ಲಿಷಿನಲ್ಲಿ, ಬಹಳ ಜಾಗ್ರತೆಯಿಂದ. ಇಪ್ಪತ್ತೇಳರ ಹತ್ತಿರ ಮಾತ್ರ ಕೈ ಮೈಮರೆತಿತ್ತು. ಅಲ್ಲಿ ೨೭ ಎಂದಿತ್ತು.

ಒಂದು ಗಂಟೆಗೆ ಸಫಿಯಾ ಬುತ್ತಿ ಹಿಡಿದು ಬಂದಳು. ಗಂಡ ಪಟ್ಟಿ ಹಿಡಿದುಕೊಂಡು ಕೂತದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಹಳತಾಯಿತು ಅದು," ಎಂದಳು. "ಈಗ ಕಣ್ಣು ಸರಿಯಾಯಿತಲ್ಲ, ಹೊಸತು ತಕ್ಕೊಳ್ಳಿ."

"ಬೇಡ," ಎಂದರು ಕೋಯಾಕ. "ಇದೇ ಸರಿ ಕಾಣ್ತದೆ."

ಪಟ್ಟಿಯನ್ನು ಎಂದಿನ ಮೊಳೆಗೆ ನೇತುಹಾಕಿ, ಕೈ ತೊಳೆದು ಬಂದು ಊಟಕ್ಕೆ ಕೂತರು.